ಕಂಪ್ಯೂಟರಿಗೆ ನೆಗಡಿ ಬಂದರೆ ಮೂಗು ಕೊಯ್ಯುವುದೇ?

ನಂಜನಗೂಡು – ತಿ. ನರಸೀಪುರ: ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗಡೆ ಫ್ಯಾನು ಬುರ್ ಅನ್ನುತ್ತದೆ, ಪರದೆ ಮಾತ್ರ ಅಮಾವಾಸ್ಯೆ. ಇಲ್ಲವೇ ಕಂಪನಿಯ ಹೆಸರು ಮೂಡುತ್ತದೆ, ಬಿಳಿ ಚುಕ್ಕಿಗಳು ಗಾಣದೆತ್ತಿನ ಹಾಗೆ ಸುತ್ತುತ್ತವೆ, ಸುತ್ತುತ್ತಲೇ ಇರುತ್ತವೆ. ಅರ್ಧ ಗಂಟೆ ಕಾದ ಮನೆಯೊಡೆಯ ಎದ್ದು, ‘ಇದರ ಕಥೆ ಮುಗೀತು ಕಣಪ್ಪ’ ಎಂದು ತೀರ್ಪು ಕೊಡುತ್ತಾನೆ. ಮಾರನೆಯ ದಿನ ಡಬ್ಬ ರಿಪೇರಿ ಅಂಗಡಿಗೆ. ಅಲ್ಲಿ ಒಂದೇ ಮಾತು: ‘ಫಾರ್ಮ್ಯಾಟ್ ಹೊಡೆದ್ಬಿಡ್ತೀವಿ ಸಾರ್, ಸಂಜೆ ಬನ್ನಿ.’ ಸಂಜೆ ಹೋದರೆ ಯಂತ್ರ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿರುತ್ತದೆ. ಮನೆಗೆ ತಂದು ನೋಡಿದರೆ ಎಂಟು ವರ್ಷದ ಫೋಟೋ ಇಲ್ಲ, ಅಂಗಡಿಯ ಲೆಕ್ಕ ಇಲ್ಲ, ಮಗಳ ಪ್ರಾಜೆಕ್ಟ್ ಇಲ್ಲ. ಯಂತ್ರ ಬದುಕಿತು, ಮನೆಯ ಆಸ್ತಿ ಹೋಯಿತು!

ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ವಾಸಿಯಾಯಿತೆಂದು ನಂಜನಗೂಡಿನ ದೇವರಿಗೆ ‘ಹಕೀಂ ನಂಜುಂಡ’ ಎಂಬ ಹೆಸರು ಬಂತೆಂದು ಪ್ರತೀತಿ. ವೈದ್ಯನೆಂದೇ ಹೆಸರಾದ ದೇವರ ಊರಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ: ವೈದ್ಯ ಮೊದಲು ನಾಡಿ ಹಿಡಿಯುತ್ತಾನೆ, ಆಮೇಲೆ ಮದ್ದು ಅರೆಯುತ್ತಾನೆ. ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಮಾತ್ರ ಈ ಕ್ರಮ ತಿರುವುಮುರುವು. ನಾಡಿ ನೋಡುವವರಿಲ್ಲ, ಕತ್ತಿ ಹಿಡಿದವರೇ ಎಲ್ಲ. ಕಂಪ್ಯೂಟರಿಗೆ ಬರುವ ಕಾಯಿಲೆ ಎಷ್ಟೋ ಸಲ ಬರೀ ನೆಗಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಯಾವ ನ್ಯಾಯ?

ಡಬ್ಬದ ಬೆಲೆ ಬೇರೆ, ಒಳಗಿನದರ ಬೆಲೆ ಬೇರೆ

2020ರ ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಎಷ್ಟೋ ಮನೆಗಳು ಹೊಸದೋ ಹಳೆಯದೋ ಒಂದು ಕಂಪ್ಯೂಟರ್ ಕೊಂಡವು. ಪಾಠ ಮುಗಿಯಿತು, ಶಾಲೆ ತೆರೆಯಿತು, ಯಂತ್ರ ಹಾಲಿನ ಮೂಲೆಗೆ ಸೇರಿ ಕಸೂತಿ ಬಟ್ಟೆ ಹೊದ್ದುಕೊಂಡಿತು. ಅಂಗಡಿಯವರ ಕಥೆ ಬೇರೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕೆಂಪು ಬಟ್ಟೆಯ ಖಾತೆ ಪುಸ್ತಕದ ಪಕ್ಕ ಒಂದು ಕಂಪ್ಯೂಟರೂ ಕೂರಬೇಕಾಯಿತು. ಹಗಲು ಅಂಗಡಿಯ ಬಿಲ್ಲು, ರಾತ್ರಿ ಮನೆಯಲ್ಲಿ ಮಕ್ಕಳ ಆಟ, ಎರಡಕ್ಕೂ ಅದೇ ಯಂತ್ರ.

ಇಲ್ಲೊಂದು ಕಾನೂನಿನ ಬಾಬತ್ತು ಅಂಗಡಿಯವರ ಗಮನಕ್ಕೆ. ಜಿಎಸ್‌ಟಿ ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ, ಲೆಕ್ಕಪತ್ರಗಳನ್ನು ಕಾಪಾಡಬೇಕು. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ಅದರ ನಕಲನ್ನೂ ಬೇರೆ ಇಟ್ಟಿರಬೇಕು, ಅಪಘಾತವಾಗಲಿ ಪ್ರಕೃತಿ ವಿಕೋಪವಾಗಲಿ ಸಂಭವಿಸಿದರೆ ಮತ್ತೆ ತೆಗೆದು ತೋರಿಸುವಂತಿರಬೇಕು ಎಂದು ನಿಯಮವೇ ಹೇಳುತ್ತದೆ. ‘ಕಂಪ್ಯೂಟರ್ ಕೆಟ್ಟೋಯ್ತು ಸ್ವಾಮಿ’ ಅನ್ನುವುದು ಅಧಿಕಾರಿಯ ಮುಂದೆ ಉತ್ತರವಾಗುವುದಿಲ್ಲ.

ಮದುವೆ ಕರೆಯೋಲೆ ಅಚ್ಚು ಹಾಕುವ ಡಿಟಿಪಿ ಅಂಗಡಿಗಳ ಪಾಡು ಇನ್ನೂ ಸೂಕ್ಷ್ಮ. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆ ಕಾಲದ ಅಕ್ಷರ ಶೈಲಿಗಳಲ್ಲಿ ಟೈಪು ಮಾಡಿದ ಹಳೆಯ ಕಡತಗಳನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಅಂದರೆ ಫಾರ್ಮ್ಯಾಟಿನಲ್ಲಿ ಕಡತ ಉಳಿದರೂ ಫಾಂಟು ಹೋದರೆ ಕಡತ ಇದ್ದೂ ಇಲ್ಲದ ಹಾಗೆ.

ತಿ. ನರಸೀಪುರದ ಸಂಗಮದ ಲೆಕ್ಕ

ಹಾಗಾದರೆ ನಾಡಿ ಹಿಡಿಯುವುದು ಹೇಗೆ? ತಿರುಮಕೂಡಲಿನಲ್ಲಿ ಮೂರು ಸೇರುತ್ತವೆ ಎನ್ನುತ್ತಾರೆ. ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ. ಮೂರನೆಯ ಸ್ಫಟಿಕ ಸರೋವರ ಗುಪ್ತಗಾಮಿನಿ. ಕಂಪ್ಯೂಟರ್ ಎದ್ದು ಕೂರುವುದಕ್ಕೂ ಮೂರು ಕೂಡಬೇಕು. ಒಂದು ಕರೆಂಟು, ಎರಡು ಒಳಗಿನ ಬಿಡಿಭಾಗ, ಮೂರನೆಯದು ಕಣ್ಣಿಗೆ ಕಾಣದ ಸಾಫ್ಟ್‌ವೇರು. ಮೂರರಲ್ಲಿ ಯಾವುದು ಬತ್ತಿದೆ ಎಂದು ತಿಳಿದರೆ ಅರ್ಧ ರಿಪೇರಿ ಆದ ಹಾಗೆ.

ಬಸ್ಸಿನಲ್ಲಿ ಓಡಾಡುವವರಿಗೆ ಇದು ಸಲೀಸಾಗಿ ಅರ್ಥವಾಗುವ ಮಾತು. ನಂಜನಗೂಡಿನಿಂದ ಮೈಸೂರಿಗೆ ಹೊರಟ ಬಸ್ಸು ಬರಲಿಲ್ಲವೆಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿ ನಿಂತಿತು? ನಿಲ್ದಾಣದಲ್ಲೇ ಸ್ಟಾರ್ಟ್ ಆಗಲಿಲ್ಲವೋ, ತಾಂಡವಪುರದಲ್ಲಿ ಪಂಕ್ಚರೋ, ಕಡಕೊಳದಲ್ಲಿ ಡೀಸೆಲ್ ಮುಗಿಯಿತೋ? ಕಂಪ್ಯೂಟರನ್ನೂ ಹಾಗೇ ಕೇಳಿ. ದೀಪವೇ ಹತ್ತಲಿಲ್ಲವೋ? ಹತ್ತಿತು, ಪರದೆ ಕತ್ತಲೋ? ಕಂಪನಿಯ ಹೆಸರು ಬಂದು ನಿಂತಿತೋ? ವಿಂಡೋಸ್ ಚಿತ್ರದ ತನಕ ಬಂದು ಕೈಕೊಟ್ಟಿತೋ? ನಿಂತ ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪರದೆಯ ಮೇಲೆ ಏನಾದರೂ ಸಾಲು ಮೂಡಿದ್ದರೆ ಮೊಬೈಲಿನಲ್ಲಿ ಫೋಟೋ ಹಿಡಿಯಿರಿ. ರಿಪೇರಿಯವರಿಗೆ ‘ಆನ್ ಆಗ್ತಾ ಇಲ್ಲ’ ಅನ್ನುವುದಕ್ಕಿಂತ ಈ ಫೋಟೋ ಹತ್ತು ಪಾಲು ಹೆಚ್ಚು ಹೇಳುತ್ತದೆ.

ಮೊದಲ ನದಿ: ಕರೆಂಟು

ದೀಪವೇ ಹತ್ತದಿದ್ದರೆ ಯಂತ್ರವನ್ನು ಬೈಯುವ ಮೊದಲು ಗೋಡೆಯನ್ನು ವಿಚಾರಿಸಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಸಿಕ್ಕಿಸಿ ನೋಡಿ. ನಾಲ್ಕಾರು ಪ್ಲಗ್ಗು ಜೋತುಬಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚು ನೋಡಿ. ಯುಪಿಎಸ್ ಇದ್ದರೆ ಅದನ್ನು ಬದಿಗಿಟ್ಟು ಕಂಪ್ಯೂಟರಿನ ವೈರನ್ನು ನೇರ ಗೋಡೆಗೆ ಕೊಡಿ. ಯುಪಿಎಸ್‌ನೊಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುವುದು ಸಾಮಾನ್ಯ. ಸೋತ ಬ್ಯಾಟರಿಯ ಮೇಲೆ ಕಂಪ್ಯೂಟರ್ ಏಳಲು ಹೋಗಿ ದೊಪ್ಪನೆ ಬೀಳುತ್ತದೆ, ಬೈಗುಳ ಮಾತ್ರ ಕಂಪ್ಯೂಟರಿಗೆ.

ಡಬ್ಬವನ್ನು ಮೈಸೂರಿಗೆ ಹೊತ್ತವರಲ್ಲಿ ಅನೇಕರ ಅನುಭವ ಇದು: ‘ಅಂಗಡೀಲಿ ಚೆನ್ನಾಗೇ ಆನ್ ಆಯ್ತು, ಮನೇಗೆ ತಂದ್ರೆ ಮತ್ತೆ ಸತ್ತೋಯ್ತು!’ ಇದರಲ್ಲಿ ಮಾಟ ಮಂತ್ರ ಏನೂ ಇಲ್ಲ. ಅಂಗಡಿಯಲ್ಲಿ ಸಾಕೆಟ್ಟು ಬೇರೆ, ವೈರು ಬೇರೆ, ಪರದೆ ಬೇರೆ. ದೋಷ ಮನೆಯ ಗೋಡೆಯಲ್ಲೋ ವೈರಿನಲ್ಲೋ ಇದ್ದರೆ ಡಬ್ಬವನ್ನು ಎಷ್ಟು ಸಲ ಹೊತ್ತರೂ ಅಷ್ಟೇ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಸರಿ, ಆದರೂ ನಿಂತ ಬಸ್ಸಿನಲ್ಲಿ ಮಗುವಿನ ಜೊತೆ ಸಿಪಿಯುವನ್ನೂ ಮಡಿಲಲ್ಲಿ ಹಿಡಿದು ಹೋಗುವ ಫಜೀತಿ ಯಾರಿಗೆ ಬೇಕು?

ಡಬ್ಬದ ಹಿಂದುಗಡೆ, ವೈರು ಸಿಕ್ಕಿಸುವಲ್ಲಿ, ಒಂದು ಪುಟ್ಟ ಸ್ವಿಚ್ಚಿರುತ್ತದೆ. ಕಸ ಗುಡಿಸುವಾಗ ಪೊರಕೆ ತಗುಲಿ ಅದು ಆಫ್ ಆಗಿರುವುದುಂಟು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚುವಂತಿದ್ದರೆ ಬಿಚ್ಚಿ, ಗುಂಡಿಯನ್ನು ಮೂವತ್ತು ಸೆಕೆಂಡು ಅದುಮಿ ಹಿಡಿದು, ಆಮೇಲೆ ಚಾರ್ಜರ್ ಕೊಟ್ಟು ನೋಡಿ. ಒಳಗೆ ಉಳಿದ ಚೂರು ಪಾರು ಕರೆಂಟು ಬರಿದಾಗಿ ಎಷ್ಟೋ ಲ್ಯಾಪ್‌ಟಾಪು ಎದ್ದು ಕೂತಿವೆ.

ಒಂದು ಎಚ್ಚರಿಕೆ. ವೈರು ಸಿಕ್ಕಿಸುವ ಆ ಲೋಹದ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎಂದು ಹೆಸರು. ಗೋಡೆಯ 230 ವೋಲ್ಟ್ ಕರೆಂಟನ್ನು ಯಂತ್ರ ತಾಳುವಷ್ಟಕ್ಕೆ ಇಳಿಸುವುದು ಅದರ ಕೆಲಸ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಕರೆಂಟು ಹಿಡಿದುಕೊಂಡಿರುತ್ತದೆ. ಆ ಪೆಟ್ಟಿಗೆಯ ಸ್ಕ್ರೂ ಬಿಚ್ಚುವ ಸಾಹಸ ಯಾರಿಗೂ ಬೇಡ. ಕೆಟ್ಟಿದ್ದರೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಅದೂ ಇಡೀ ಕಂಪ್ಯೂಟರಿನ ಬೆಲೆಗೆ ಹೋಲಿಸಿದರೆ ಸಣ್ಣ ಖರ್ಚೇ. ಡಬ್ಬ ಮುಟ್ಟಿದರೆ ಜುಂ ಎನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲವೆಂದು ಅನುಮಾನಿಸಿ, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಅದು ಕಂಪ್ಯೂಟರಿನ ಮಾತಲ್ಲ, ಜೀವದ ಮಾತು.

ಎರಡನೆಯ ನದಿ: ಬಿಡಿಭಾಗ

ಗುಂಡಿ ಒತ್ತಿದ ಕೂಡಲೇ ಕಂಪ್ಯೂಟರ್ ಮಾಡುವ ಮೊದಲ ಕೆಲಸ ಹಾಜರಿ ಕರೆಯುವುದು. ಬಸ್ಸು ಹೊರಡುವ ಮುಂಚೆ ಕಂಡಕ್ಟರ್ ಸೀಟು ಎಣಿಸಿ ‘ರೈಟ್’ ಅನ್ನುವ ಹಾಗೆ, ಬೋರ್ಡಿನ ಮೇಲಿನ ಒಂದು ಚಿಪ್ಪು ‘ಮೆಮೊರಿ ಇದೆಯಾ? ಕೀಬೋರ್ಡ್ ಇದೆಯಾ? ಡಿಸ್ಕ್ ಇದೆಯಾ?’ ಎಂದು ಒಬ್ಬೊಬ್ಬರನ್ನೇ ಕೂಗುತ್ತದೆ. ಎಲ್ಲರೂ ‘ಹಾಜರ್’ ಅಂದರೆ ಮುಂದೆ ವಿಂಡೋಸಿನ ಕೈಗೆ ಯಂತ್ರ ಒಪ್ಪಿಸುತ್ತದೆ. ಯಾರಾದರೂ ಬಾಯಿ ಬಿಡದಿದ್ದರೆ ಅಲ್ಲೇ ನಿಲ್ಲುತ್ತದೆ. ಕೆಲವು ಯಂತ್ರಗಳು ಬೀಪ್ ಬೀಪ್ ಎಂದು ಕೂಗಿ ದೂರು ಹೇಳುತ್ತವೆ. ಎಷ್ಟು ಬೀಪು, ಉದ್ದವೋ ಗಿಡ್ಡವೋ ಎಂಬುದನ್ನು ಎಣಿಸಿಡಿ. ಅದೇ ಕಂಪ್ಯೂಟರಿನ ಭಾಷೆ.

ಪರದೆ ಕತ್ತಲಾಗಿದ್ದರೆ ಮೊದಲು ಪರದೆಯ ವೈರು ನೋಡಿ. ಎರಡೂ ತುದಿ ಬಿಗಿಯಾಗಿದೆಯೇ? ಪರದೆಗೆ ತನ್ನದೇ ಆದ ಗುಂಡಿ, ತನ್ನದೇ ಆದ ಕರೆಂಟು ಇರುತ್ತದೆ ಎಂಬುದು ಎಷ್ಟೋ ಮನೆಗಳಲ್ಲಿ ಮರೆತುಹೋದ ಸಂಗತಿ.

ಆಮೇಲೆ ಮೆಮೊರಿ ಪಟ್ಟಿ. ಅಂಗೈ ಅಗಲದ ಹಸಿರು ಪಟ್ಟಿ, ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲು. ನದಿ ತೀರದ ತೇವ, ಅಕ್ಕಿ ಗಿರಣಿಯ ಧೂಳು, ಊದುಬತ್ತಿಯ ಹೊಗೆ ಎಲ್ಲ ಸೇರಿ ಆ ಹಲ್ಲುಗಳ ಮೇಲೆ ತೆಳುವಾದ ಕಿಲುಬು ಕೂರುತ್ತದೆ. ಪ್ಲಗ್ಗು ಕಿತ್ತು, ಡಬ್ಬದ ಪಕ್ಕದ ಬಾಗಿಲು ತೆರೆದು, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹೋಗಲೆಂದು ಡಬ್ಬದ ಲೋಹವನ್ನು ಮುಟ್ಟಿ, ಪಟ್ಟಿಯ ಎರಡೂ ಕಡೆಯ ಕೊಕ್ಕೆ ಬಿಡಿಸಿ ಹೊರತೆಗೆಯಿರಿ. ಶಾಲೆಯ ಹುಡುಗರು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲನ್ನು ಮೆಲ್ಲಗೆ ಉಜ್ಜಿ, ರಬ್ಬರಿನ ಚೂರು ಊದದೆ ಒಣಬಟ್ಟೆಯಲ್ಲಿ ಒರೆಸಿ, ಟಕ್ ಎನ್ನುವ ತನಕ ಮತ್ತೆ ಕೂರಿಸಿ. ಫ್ಯಾನು ತಿರುಗಿ ಪರದೆ ಕತ್ತಲಾಗಿದ್ದ ಯಂತ್ರಗಳಲ್ಲಿ ಬಹಳಷ್ಟು ಇಷ್ಟಕ್ಕೇ ಕಣ್ಣು ಬಿಡುತ್ತವೆ. ಖರ್ಚು? ಒಂದು ರಬ್ಬರು.

ಗುಂಜಾ ನರಸಿಂಹಸ್ವಾಮಿಯ ಊರಿನವರಿಗೆ ಗುಲಗಂಜಿ ತೂಕದ ಮಹಿಮೆ ಗೊತ್ತು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ಎಂಬ ಮಾತು ಅಲ್ಲಿ ಮನೆಮಾತು. ಕಂಪ್ಯೂಟರಿನಲ್ಲೂ ಅಂಥ ಒಂದು ಪುಟ್ಟ ಸಾಮಾನಿದೆ. ಬೋರ್ಡಿನ ಮೇಲೆ ನಾಣ್ಯದಂತೆ ಹೊಳೆಯುವ ಬಿಲ್ಲೆ, ಸಿ ಆರ್ 2032 ಎಂಬ 3 ವೋಲ್ಟಿನ ಸೆಲ್ಲು. ಪ್ಲಗ್ಗು ಕಿತ್ತಾಗಲೂ ಗಡಿಯಾರ ನಡೆಸಿಕೊಂಡು, ಯಂತ್ರದ ಕೆಲವು ಸಂಗತಿ ನೆನಪಿಟ್ಟುಕೊಳ್ಳುವುದು ಅದರ ಊಳಿಗ. ಕೆಲವು ವರ್ಷಕ್ಕೆ ಅದು ಸೋಲುತ್ತದೆ. ಆಗ ಕಂಪ್ಯೂಟರಿನ ತಾರೀಖು ಹಿಂದಕ್ಕೆ ಓಡುತ್ತದೆ, ಬೆಳಗಾದರೆ ‘ಎಫ್ 1 ಒತ್ತಿ’ ಎಂದು ಪರದೆ ಹಟ ಹಿಡಿಯುತ್ತದೆ, ತಾರೀಖು ತಪ್ಪಾದ್ದರಿಂದ ಬ್ಯಾಂಕಿನ, ಜಿಎಸ್‌ಟಿಯ ಜಾಲತಾಣಗಳು ಒಳಗೆ ಬಿಡುವುದಿಲ್ಲ. ಮನೆಯವರು ವೈರಸ್ ಬಂತೆಂದು ಗಾಬರಿ ಬೀಳುತ್ತಾರೆ. ಮದ್ದು ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಒಂದು ಸೆಲ್ಲು. ನೂರು ರೂಪಾಯಿ ಮುರಿಸಿದರೆ ಚಿಲ್ಲರೆ ಕೈಗೆ ಬರುತ್ತದೆ.

ಇನ್ನು ‘ಬೂಟ್ ಆಗುವ ಡಿಸ್ಕ್ ಸಿಗುತ್ತಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಬಂದರೆ ಹೆದರಬೇಡಿ. ನಿನ್ನೆ ರಾತ್ರಿ ಹಾಡು ತುಂಬಿಕೊಂಡ ಪೆನ್‌ಡ್ರೈವ್ ಇನ್ನೂ ಮೂತಿಯಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಯಂತ್ರ ವಿಂಡೋಸನ್ನು ಡಿಸ್ಕಿನಲ್ಲಿ ಹುಡುಕುವ ಬದಲು ಆ ಪೆನ್‌ಡ್ರೈವಿನಲ್ಲಿ ಹುಡುಕಿ ಸುಸ್ತಾಗಿರಬಹುದು. ಕಿತ್ತು ಮತ್ತೆ ಆನ್ ಮಾಡಿ.

ಆದರೆ ಡಬ್ಬದೊಳಗಿಂದ ಟಿಕ್... ಟಿಕ್... ಎಂದು ಗಡಿಯಾರದ ಹಾಗೆ ಸದ್ದು ಬಂದರೆ ಮಾತ್ರ ಆಟ ಬೇಡ. ಅದು ತಿರುಗುವ ಹಾರ್ಡ್ ಡಿಸ್ಕ್ ಕೊನೆಯುಸಿರು ಎಳೆಯುತ್ತಿರುವ ಲಕ್ಷಣ. ‘ಇನ್ನೊಂದು ಸಲ ನೋಡೋಣ’ ಎಂದು ಆನ್ ಮಾಡಿದ ಪ್ರತಿ ಸಲವೂ ಒಳಗಿನ ಬರಹ ಇನ್ನಷ್ಟು ಗೀರಿಹೋಗುವ ಸಂಭವವುಂಟು. ತಕ್ಷಣ ಆಫ್ ಮಾಡಿ, ಡೇಟಾ ಎತ್ತಿಕೊಡುವ ಅನುಭವಸ್ಥರಿಗೇ ಒಪ್ಪಿಸಿ.

ಮೂರನೆಯದು: ಗುಪ್ತಗಾಮಿನಿ

ಕಂಪನಿಯ ಹೆಸರು ಬಂತು, ಹಾಜರಿ ಮುಗಿಯಿತು, ವಿಂಡೋಸ್ ಮಾತ್ರ ಏಳುತ್ತಿಲ್ಲ ಅಂದರೆ ಯಂತ್ರ ಗಟ್ಟಿಯಾಗಿದೆ, ಬರಹದಲ್ಲಿ ತೊಡಕಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಯಿತು, ಯಾವುದೋ ಪುಕ್ಕಟೆ ಸಾಫ್ಟ್‌ವೇರು ಹಾಕಿದರು, ಪ್ರಿಂಟರಿನ ತಂತ್ರಾಂಶ ಹೊಂದಲಿಲ್ಲ, ಇಂಥವೇ ಕಾರಣ.

ಇದಕ್ಕೆ ಇಡೀ ಜಗತ್ತೇ ಕಂಡ ಒಂದು ನಿದರ್ಶನವುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನಗಳು ನಿಂತವು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟರು. ಅಷ್ಟು ಯಂತ್ರಗಳನ್ನು ಫಾರ್ಮ್ಯಾಟ್ ಹೊಡೆದರೇ? ಇಲ್ಲ. ‘ಸೇಫ್ ಮೋಡ್’ ಎಂಬ ಹಿಂಬಾಗಿಲಿನಿಂದ ಒಳಗೆ ಹೋಗಿ ಕೆಟ್ಟ ಕಡತ ಒಂದನ್ನು ಅಳಿಸಿದರು, ಯಂತ್ರ ಎದ್ದಿತು. ವಿಮಾನ ಕಂಪನಿಗೆ ಸಾಕಾದ ಮದ್ದು ನಂಜನಗೂಡಿನ ದಿನಸಿ ಅಂಗಡಿಗೆ ಸಾಲದೇ?

ಆ ಹಿಂಬಾಗಿಲು ಮನೆಯ ಕಂಪ್ಯೂಟರಿಗೂ ಇದೆ. ವಿಂಡೋಸ್ 7 ಇರುವ ಹಳೆಯ ಯಂತ್ರದಲ್ಲಿ ಆನ್ ಆಗುತ್ತಿದ್ದಂತೆಯೇ ಎಫ್ 8 ಕೀಲಿ ಬಡಿಯಬೇಕು. ವಿಂಡೋಸ್ 10, 11 ಎರಡು ಮೂರು ಸಲ ಏಳಲಾರದೆ ಬಿದ್ದರೆ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’ ಒತ್ತಿ, ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋದರೆ ಸಾಲಾಗಿ ಮದ್ದಿನ ಬಾಟಲಿಗಳು: ತಾನೇ ಸರಿಪಡಿಸಿಕೊಳ್ಳುವ ‘ಸ್ಟಾರ್ಟಪ್ ರಿಪೇರ್’, ಮೊನ್ನೆ ಬಂದ ಅಪ್‌ಡೇಟ್ ಕೀಳುವ ದಾರಿ, ಚೆನ್ನಾಗಿದ್ದ ದಿನಕ್ಕೆ ಹಿಂದಿರುಗುವ ‘ಸಿಸ್ಟಂ ರಿಸ್ಟೋರ್’, ಸೇಫ್ ಮೋಡಿಗೆ ಒಯ್ಯುವ ‘ಸ್ಟಾರ್ಟಪ್ ಸೆಟ್ಟಿಂಗ್ಸ್’. ಈ ನಾಲ್ಕೂ ಮನೆಯ ಕಡತಗಳನ್ನು ಅಳಿಸುವಂಥವಲ್ಲ. ಅಲ್ಲೇ ‘ರೀಸೆಟ್’ ಎಂಬುದೂ ಇದೆ, ಅದರ ಬಳಿ ಹುಷಾರು. ಅದರಲ್ಲಿ ‘ಎಲ್ಲ ತೆಗೆ’ ಎಂದರೆ ಎಲ್ಲ ಹೋಯಿತು. ‘ಫೈಲು ಉಳಿಸು’ ಎಂದರೂ ಹಾಕಿದ್ದ ಸಾಫ್ಟ್‌ವೇರುಗಳು ಹೋಗುತ್ತವೆ; ಲೆಕ್ಕದ ಸಾಫ್ಟ್‌ವೇರು ತನ್ನ ದಾಖಲೆಯನ್ನು ಬೇರೆ ಜಾಗದಲ್ಲಿ ಇಟ್ಟಿದ್ದರೆ ಅದು ಉಳಿಯುವ ಭರವಸೆಯಿಲ್ಲ.

ನೀಲಿ ಪರದೆಯಲ್ಲಿ ಫೋನ್ ನಂಬರ್ ಕಂಡರೆ ಅದು ಮೋಸ ಎಂದು ತಿಳಿಯಿರಿ. ಮೈಕ್ರೋಸಾಫ್ಟಿನ ನಿಜವಾದ ದೋಷ ಸೂಚನೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಆ ನಂಬರಿಗೆ ಕರೆ ಮಾಡಿ, ಅತ್ತಲಿನವನು ಹೇಳಿದ ಆ್ಯಪ್ ಹಾಕಿಕೊಂಡರೆ ಕಂಪ್ಯೂಟರಿನ ಜೊತೆ ಬ್ಯಾಂಕಿನ ಖಾತೆಯೂ ಅವನ ಕೈಗೆ. ಹಾಗೇನಾದರೂ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

‘ಡಿ ಡ್ರೈವ್ ಹಾಗೇ ಇರುತ್ತೆ ಸಾರ್’

ಈಗ ಮುಖ್ಯ ಮಾತಿಗೆ ಬರೋಣ. ಫಾರ್ಮ್ಯಾಟ್ ಎನ್ನುವ ಮುಂಚೆ ರಿಪೇರಿ ಹುಡುಗರು ಧೈರ್ಯ ಹೇಳುತ್ತಾರೆ: ‘ಸಿ ಡ್ರೈವ್ ಮಾತ್ರ ಹೊಡೀತೀವಿ, ಡಿ ಹಾಗೇ ಇರುತ್ತೆ ಸಾರ್.’ ಗಿರಾಕಿ ತಲೆಯಾಡಿಸುತ್ತಾರೆ. ಆದರೆ ಆ ಗಿರಾಕಿ ಫೋಟೋ, ಬಿಲ್ಲು, ಪತ್ರ ಎಲ್ಲವನ್ನೂ ಇಟ್ಟಿರುವುದು ಎಲ್ಲಿ? ಆನ್ ಮಾಡಿದ ಕೂಡಲೇ ಕಣ್ಣಿಗೆ ಕಾಣುವ ಡೆಸ್ಕ್‌ಟಾಪಿನ ಮೇಲೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವೆಲ್ಲ ಮಾಮೂಲಾಗಿ ಇರುವುದು ಆ ಸಿ ಡ್ರೈವಿನಲ್ಲೇ! ಒಬ್ಬರು ಸುಳ್ಳು ಹೇಳಲಿಲ್ಲ, ಇನ್ನೊಬ್ಬರು ಕೇಳದೇ ಇರಲಿಲ್ಲ, ಆದರೂ ಮನೆ ಬರಿದಾಯಿತು.

ಫಾರ್ಮ್ಯಾಟ್ ಆದ ಮೇಲೂ ಹಳೆಯ ತಿರುಗುವ ಡಿಸ್ಕಿನಲ್ಲಿ ಕೆಲವೊಮ್ಮೆ ಕಡತ ಹುಡುಕಿ ತೆಗೆಯಬಹುದು, ಏಕೆಂದರೆ ಮೊದಲಿಗೆ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ. ಆದರೆ ಅದರ ಮೇಲೆ ಹೊಸ ವಿಂಡೋಸ್ ಬರೆದಷ್ಟೂ ಪುಟಗಳು ಮುಚ್ಚಿಹೋಗುತ್ತವೆ. ಹೊಸ ಬಗೆಯ ಎಸ್‌ಎಸ್‌ಡಿಯಲ್ಲಂತೂ ಅಳಿದದ್ದು ಬಲುಬೇಗ ನಿಜವಾಗಿಯೇ ಅಳಿದುಹೋಗುತ್ತದೆ.

ಹಾಗೆಂದು ರಿಪೇರಿಯವರ ಮೇಲೆ ಗೂಬೆ ಕೂರಿಸುವುದೂ ಸರಿಯಲ್ಲ. ಅವರ ಕಷ್ಟವನ್ನೂ ನೋಡಬೇಕು. ಕಾಯಿಲೆ ಹುಡುಕುವುದಕ್ಕೆ ಅರ್ಧ ದಿನ ಬೇಕು, ಫಾರ್ಮ್ಯಾಟಿಗೆ ಒಂದು ಗಂಟೆ ಸಾಕು. ‘ಬರೀ ಒಂದು ಪಟ್ಟಿ ತೆಗೆದು ಹಾಕಿದ್ದಕ್ಕೆ ದುಡ್ಡಾ?’ ಎಂದು ಜಗಳಕ್ಕೆ ನಿಲ್ಲುವ ಗಿರಾಕಿ, ಫಾರ್ಮ್ಯಾಟಿಗೆ ಕೇಳಿದಷ್ಟು ಎಣಿಸಿ ಕೊಡುತ್ತಾರೆ. ನಾಡಿ ನೋಡಿದ್ದಕ್ಕೆ ಕಾಸಿಲ್ಲ, ಕೊಯ್ದದ್ದಕ್ಕೆ ಕಾಸು ಎಂದರೆ ಯಾವ ವೈದ್ಯನಾದರೂ ಕತ್ತಿಯನ್ನೇ ಹಿಡಿಯುತ್ತಾನೆ. ಸಂಜೆಯೊಳಗೇ ಬೇಕೆಂಬ ನಮ್ಮ ಅವಸರವೂ ಈ ಪದ್ಧತಿಯನ್ನು ಬೆಳೆಸಿದೆ.

ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತಿದವರು ಮೂರು ಮಾತು ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು: ‘ಮೊದಲು ಫೈಲು ಎತ್ತಿಡಿ, ನಾನು ನೋಡಿದ ಮೇಲೆ ಮುಂದಿನ ಕೆಲಸ.’ ಇದು ಅಸಾಧ್ಯದ ಕೆಲಸವೇನಲ್ಲ. ವಿಂಡೋಸ್ ಸತ್ತಿದ್ದರೂ ಪೆನ್‌ಡ್ರೈವಿನಲ್ಲಿ ತಂದ ಲಿನಕ್ಸಿನಿಂದ ಅದೇ ಯಂತ್ರವನ್ನು ಎಬ್ಬಿಸಿ ಕಡತ ನಕಲು ಮಾಡಬಹುದು. ಇಲ್ಲವೇ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಕೊಂಡಿಯಿಂದ ಇನ್ನೊಂದು ಕಂಪ್ಯೂಟರಿಗೆ ಸೇರಿಸಿ ತೆಗೆಯಬಹುದು. ಎರಡನೆಯದು: ‘ಹುಡುಕಿದ್ದಕ್ಕೆ ಏನು ಕೂಲಿ ಆಗುತ್ತೋ ಕೊಡ್ತೀನಿ.’ ಮೂರನೆಯದು: ‘ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೊಡಿ, ಬಿಲ್ಲು ಬರೆದುಕೊಡಿ.’ ಸ್ಕೂಟರ್ ಮೆಕ್ಯಾನಿಕ್ಕನ ಹತ್ತಿರ ಕೇಳುವ ಮಾತನ್ನು ಇಲ್ಲಿ ಕೇಳುವುದಕ್ಕೆ ಸಂಕೋಚ ಏಕೆ?

‘ಹಳೇದಾಯ್ತು, ಎಸೀರಿ’ ಅಂದರೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಮುಗಿದಿತ್ತು. ಬೆಂಬಲ ಮುಗಿಯಿತು ಎಂದರೆ ಯಂತ್ರ ಏಳುವುದಿಲ್ಲ ಎಂದರ್ಥವಲ್ಲ, ಸುರಕ್ಷೆಯ ಬೀಗ ಹೊಸದಾಗಿ ಬರುವುದಿಲ್ಲ ಎಂದರ್ಥ. ಬ್ಯಾಂಕು, ಜಿಎಸ್‌ಟಿ ಕೆಲಸ ಮಾಡುವವರು ಯೋಚಿಸಲೇಬೇಕಾದ ವಿಷಯ ನಿಜ. ಆದರೆ ‘ಸಪೋರ್ಟ್ ನಿಂತಿದೆ, ಅದಕ್ಕೇ ನಿಮ್ಮ ಕಂಪ್ಯೂಟರ್ ಆನ್ ಆಗ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಬೇರೆಯದೇ ತಾಪತ್ರಯ. ಅನೇಕ ವಿಂಡೋಸ್ 11 ಯಂತ್ರಗಳು ಡಿಸ್ಕಿಗೆ ತಾವೇ ಬೀಗ ಹಾಕಿಕೊಂಡಿರುತ್ತವೆ. ಬೋರ್ಡು ಬದಲಾಯಿಸಿದಾಗಲೋ ಒಳಗಿನ ಸೆಟ್ಟಿಂಗ್ ಮುಟ್ಟಿದಾಗಲೋ ‘ಬಿಟ್‌ಲಾಕರ್’ ಎಂಬ ಹೆಸರಿನಲ್ಲಿ 48 ಅಂಕಿಯ ಕೀಲಿ ಕೇಳುತ್ತವೆ. ಆ ಕೀಲಿ ಸಾಮಾನ್ಯವಾಗಿ ಇರುವುದು ಮೊದಲ ದಿನ ತೆರೆದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ತೆರೆದವರು ಯಾರು? ಅಂಗಡಿಯ ಹುಡುಗ. ಪಾಸ್‌ವರ್ಡು? ಯಾರಿಗೂ ನೆನಪಿಲ್ಲ. ಕೀಲಿ ಸಿಗದಿದ್ದರೆ ಯಾವ ರಿಪೇರಿಯವರೂ ಆ ಬೀಗ ಒಡೆಯಲಾರರು. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಸಂಖ್ಯೆ ಹುಡುಕಿ, ಮನೆಪತ್ರದ ಜೊತೆ ಬೀರುವಿನಲ್ಲಿ ಬರೆದಿಡಿ.

ಕಪಿಲೆ ಮನೆಗೆ ಬಂದಾಗ

2018ರ ಆಗಸ್ಟಿನಲ್ಲೂ 2019ರ ಆಗಸ್ಟಿನಲ್ಲೂ ಕಬಿನಿಯಿಂದ ಬಿಟ್ಟ ನೀರು ನಂಜನಗೂಡಿನ ನದೀತೀರದ ಬೀದಿಗಳಿಗೆ ನುಗ್ಗಿದ್ದು, ಮಲ್ಲನಮೂಲೆ ಬಳಿ ಮೈಸೂರು ರಸ್ತೆ ಮುಳುಗಿದ್ದು ಬಸ್ಸಿನವರು ಮರೆಯುವ ಮಾತಲ್ಲ. ನೀರು ಕುಡಿದ ಕಂಪ್ಯೂಟರನ್ನು ‘ಆನ್ ಆಗುತ್ತಾ ನೋಡೋಣ’ ಎಂದು ಒತ್ತಿದವರೇ ಅದನ್ನು ಪೂರ್ತಿ ಕೊಂದವರು. ನೀರಿನಿಂದ ಕೆಡುವುದಕ್ಕಿಂತ, ನೀರಿರುವಾಗ ಹರಿದ ಕರೆಂಟಿನಿಂದ ಸುಡುವುದೇ ಹೆಚ್ಚು. ಒದ್ದೆಯಾದ ಯಂತ್ರಕ್ಕೆ ಕರೆಂಟು ಕೊಡಲೇಬೇಡಿ. ಎಸ್‌ಎಸ್‌ಡಿ ಇದ್ದರೆ ಬಿಚ್ಚಿಸಿ, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ತೋರಿಸಿ. ತಿರುಗುವ ಡಿಸ್ಕಿನೊಳಗೆ ಕೆಸರು ನೀರು ಹೋಗಿದ್ದರೆ ಅದು ಮನೆಯವರು ಕೈಯಾಡಿಸುವ ಕೆಲಸವೇ ಅಲ್ಲ.

ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್‌ನೆಟ್ಟಿನ ತಾಮ್ರದ ವೈರು ಇದ್ದರೆ ಅದನ್ನೂ ಕೀಳಬೇಕು. ಸಿಡಿಲಿಗೆ ಯಾವ ದಾರಿಯಾದರೂ ಒಂದೇ.

ಯಂತ್ರ ನಿಜವಾಗಿಯೂ ತೀರಿಹೋಯಿತು ಅನ್ನಿ, ಗುಜರಿಗೆ ಕೊಡುವ ಮೊದಲು ಡಿಸ್ಕನ್ನು ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ. ಅದರಲ್ಲಿ ಮನೆಯವರ ಆಧಾರ್ ನಕಲಿದೆ, ಬ್ಯಾಂಕಿನ ಕಾಗದವಿದೆ, ಅಂಗಡಿಯ ಒಳಗುಟ್ಟಿದೆ. ಖಾತೆ ಪುಸ್ತಕವನ್ನು ಯಾರಾದರೂ ಕಡ್ಲೆಪುರಿ ಕಟ್ಟುವವರಿಗೆ ಕೊಡುತ್ತಾರೆಯೇ?

ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವ ದಿನವೇ ಇದಕ್ಕೆಲ್ಲ ಒಳ್ಳೆಯ ದಿನ. ವಾರಕ್ಕೊಮ್ಮೆ, ಅಂಗಡಿಗೆ ರಜೆ ಇರುವ ದಿನವಾದರೂ ಸರಿ, ಲೆಕ್ಕದ ಕಡತ, ಫೋಟೋ, ಫಾಂಟುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ ಪ್ಲಗ್ಗು ಕಿತ್ತು ಎತ್ತಿಡಿ. ಇನ್ನೊಂದು ನಕಲು ನದಿಯಿಂದ ದೂರದಲ್ಲಿರುವ ನೆಂಟರ ಮನೆಯಲ್ಲೋ ಇಂಟರ್‌ನೆಟ್ಟಿನಲ್ಲೋ ಇರಲಿ. ಆಮೇಲೆ ಯಂತ್ರ ಏಳಲಿ, ಬಿಡಲಿ, ಫಾರ್ಮ್ಯಾಟ್ ಹೊಡೆಯುವವರು ಹೊಡೆಯಲಿ. ಹೊಸ ಡಬ್ಬ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ. ತೀರಿಕೊಂಡ ಅಜ್ಜಿಯ ಕೊನೆಯ ಫೋಟೋ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.